ಚಿಕ್ಕಮ್ಮನ ಕಥೆ ಅಚ್ಚಿಗೆ ಕೊಡಲೇ?

(ಕಳೆದ ಸಂಚಿಕೆಯ ಸಮಸ್ಯೆ: ಗಂಡನ ಹೊಡೆತ ತಾಳದೆ ತವರಿಗೆ ಬಂದ ಚಿಕ್ಕಮ್ಮನನ್ನು ನಮ್ಮ ಮನೆತನದ ಗುರುಗಳು ‘ಪತಿಯೇ ದೈವ’ ಎಂದು ಪ್ರತಿ ಸಲವೂ ವಾಪಸು ಕಳಿಸಿದರು. ಅದನ್ನೇ ಕಥೆಯಾಗಿ ಬರೆದಿದ್ದೇನೆ. ಪತ್ರಿಕೆಯವರು ಒಪ್ಪಿದ್ದಾರೆ. ಮಠದ ಮಾನ ಕಳೆಯಬೇಡ ಎಂದು ಅಪ್ಪ ಮಾತು ಬಿಟ್ಟಿದ್ದಾರೆ. ಏನು ಮಾಡಲಿ?)

ಧೈರ್ಯವಾಗಿ ಕೊಡಮ್ಮ. ಧರ್ಮದ ಮರೆಯ ಕಪಟವನ್ನು ಬಯಲಿಗೆಳೆಯುವ ಕೆಲಸ ಕನ್ನಡಕ್ಕೆ ಹೊಸದಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ ಬಂದದ್ದು 1899ರಲ್ಲಿ. ಭಕ್ತಿಯ ಹೆಸರಿನಲ್ಲಿ ಕಪಟ ಸಂತರ ಬಲೆಗೆ ಬೀಳಬೇಕಿದ್ದ ಎಳೆಯ ವಿಧವೆ ಮನೆ ಬಿಟ್ಟು ಹೊರಟು, ಓದಿ, ಮರುಮದುವೆಯಾಗುತ್ತಾಳೆ. ಎಂ. ಕೆ. ಇಂದಿರಾ ‘ಫಣಿಯಮ್ಮ’ ಬರೆದದ್ದು ತಮ್ಮ ಮನೆತನದ ಹೆಂಗಸಿನ ಬದುಕನ್ನೇ ಇಟ್ಟುಕೊಂಡು. ಅಲ್ಲಿ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದಾಗ, ಜೀವಮಾನವಿಡೀ ಮಡಿಯಲ್ಲಿ ಕಳೆದ ಫಣಿಯಮ್ಮನೇ ಅವಳ ಪರ ನಿಲ್ಲುತ್ತಾಳೆ. ಮಡಿಯ ಕ್ರೌರ್ಯ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು!

ಒಂದು ಮಾತು. ಗುರುಗಳನ್ನು ರಾಕ್ಷಸನನ್ನಾಗಿ ಮಾಡಬೇಡ. ಬಸ್ಸು ಹತ್ತುವಾಗ ಚಿಕ್ಕಮ್ಮನ ಸೆರಗಿನ ತುದಿಯಲ್ಲಿ ಮಂತ್ರಾಕ್ಷತೆಯ ಗಂಟಿತ್ತು, ಕೈ ಬಾತುಕೊಂಡಿದ್ದರಿಂದ ಅದನ್ನು ನಿನ್ನ ಅಮ್ಮನೇ ಕಟ್ಟಿಕೊಟ್ಟರು ಎಂದು ಪತ್ರದಲ್ಲಿ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಊಟ ಸೇರಲಿಲ್ಲ. ಕಥೆಯಲ್ಲಿ ಆ ಸಾಲು ಇಲ್ಲದಿದ್ದರೆ ದಯವಿಟ್ಟು ಸೇರಿಸು.
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ನಿಮ್ಮಲ್ಲಿ ಗುರುಗಳು, ನಮ್ಮಲ್ಲಿ ಜಮಾತಿನ ಹಿರಿಯರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ತಲಾಖ್ ಆದ ಮೇಲೆ ಮತ್ತೆ ಗಂಡನ ಬಳಿಗೆ ಮರಳಬೇಕಾದರೆ ನಾದಿರಾ ಮೊದಲು ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕಂತೆ. ಅವಳು ಮಸೀದಿಯ ಕೊಳಕ್ಕೆ ಹಾರುತ್ತಾಳೆ. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯಲ್ಲಿ ಮೆಹರುನ್‌ಳನ್ನು ತವರಿನ ಅಣ್ಣಂದಿರೇ ಗಂಡನ ಮನೆಗೆ ವಾಪಸು ತಂದುಬಿಡುತ್ತಾರೆ, ಸೀಮೆಎಣ್ಣೆ ಸುರಿದುಕೊಂಡವಳನ್ನು ಕೂಸನ್ನೆತ್ತಿಕೊಂಡು ಬಂದು ತಡೆಯುವವಳು ಮಗಳು ಸಲ್ಮಾ. ಬಾನು ಅವರಿಗೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅದೇ ಬಾನು ಅವರು ಹೆಣ್ಣುಮಕ್ಕಳಿಗೂ ಮಸೀದಿ ಪ್ರವೇಶ ಬೇಕು ಎಂದದ್ದಕ್ಕೆ 2000ದಲ್ಲಿ ಬಹಿಷ್ಕಾರ ಅನುಭವಿಸಿದವರು. ನಿಮಗೂ ಬೈಗುಳ ಬರಬಹುದು ಅಕ್ಕಾ, ಸಿದ್ಧರಾಗಿರಿ. ಆದರೆ ಹಿಂದೆ ಸರಿಯಬೇಡಿ.
– ಗೃಹಿಣಿ, ಮಂಗಳೂರು

ಎಲ್ಲರೂ ಕಥೆಯ ಬಗ್ಗೆ ಹೇಳುತ್ತಾರೆ. ಚಿಕ್ಕಮ್ಮ ಈಗ ಎಲ್ಲಿದ್ದಾರೆ? ನಿಮ್ಮ ಪತ್ರದಲ್ಲಿ ಅದೇ ಇಲ್ಲ. ಇನ್ನೂ ಆ ಮನೆಯಲ್ಲೇ ಇದ್ದರೆ, ಪತ್ರಿಕೆ ಆ ಗಂಡನ ಕೈಗೆ ಸಿಕ್ಕ ದಿನ ಏಟು ತಿನ್ನುವವರು ಅವರೇ. ಅಪ್ಪನ ಒಪ್ಪಿಗೆ ಇಲ್ಲದಿದ್ದರೂ ನಡೆದೀತು, ಚಿಕ್ಕಮ್ಮನದು ಬೇಕೇ ಬೇಕು. ಕಥೆಯನ್ನು ಮೊದಲು ಅವರಿಗೆ ಓದಿ ಹೇಳಿ.
– ಅಂಗನವಾಡಿ ಕಾರ್ಯಕರ್ತೆ, ಹಾವೇರಿ

ಮೇಲಿನ ಸೋದರಿಯ ಮಾತಿಗೆ ನನ್ನ ಸಹಮತವಿದೆ. ಊರು, ಮಠ, ಗುರುಗಳ ಚಹರೆ, ಸಂಬಂಧ ಎಲ್ಲವನ್ನೂ ಬದಲಿಸಿ. ಹೆಸರೊಂದನ್ನು ತಿದ್ದಿದರೆ ಸಾಲದು, ಊರವರು ಗುರುತು ಹಿಡಿಯುತ್ತಾರೆ. ಚಿಕ್ಕಮ್ಮನಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶವನ್ನೂ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೇಳಲು ಅವಕಾಶವಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಗೆ ಜೊತೆಗೆ ಕರೆದುಕೊಂಡು ಹೋಗಿ. ತುರ್ತಿದ್ದರೆ ಮಹಿಳಾ ಸಹಾಯವಾಣಿ 181. ಕಥೆ ಮುಂದಿನ ತಿಂಗಳ ಸಂಚಿಕೆಗೆ ಹೋದರೂ ಆದೀತು, ಈ ಕೆಲಸ ಈ ವಾರವೇ ಆಗಲಿ.
– ವಕೀಲರು, ತುಮಕೂರು