ರೋಲಾಂಡ್ ಕೊಂಬು ಊದಿದನಾ, ಇಲ್ವಾ?

ದೊಡ್ಡಪ್ಪ (ಫಾರ್ವರ್ಡ್ ಆಗಿದೆ): ನಿಜವಾದ ವೀರ ಅಂದ್ರೆ ಇವನು!! ಫ್ರಾನ್ಸಿನ ರೋಲಾಂಡ್ 20,000 ಜನರ ಜೊತೆ ಕಣಿವೆಯಲ್ಲಿ ಸಿಕ್ಕಿಬಿದ್ದ. ಎದುರಿಗೆ 4,00,000 ಶತ್ರುಗಳು. ಕೊಂಬು ಊದಿದ್ದರೆ ದೊರೆ ಸೈನ್ಯ ಸಮೇತ ಓಡಿ ಬರುತ್ತಿದ್ದ. ಗೆಳೆಯ ಮೂರು ಸಲ ಬೇಡಿಕೊಂಡ. ರೋಲಾಂಡ್ ಊದಲೇ ಇಲ್ಲ! ಪ್ರಾಣ ಬಿಟ್ಟ, ಮಾನ ಬಿಡಲಿಲ್ಲ. ಸಹಾಯಕ್ಕೆ ಕೈಚಾಚುವವನು ವೀರನಲ್ಲ. ಮಕ್ಕಳಿಗೆ ಓದಿಸಿ, ಹತ್ತು ಜನಕ್ಕೆ ಕಳಿಸಿ.

ಚಿಕ್ಕಮ್ಮ: 🙏🙏

ಸುಮಕ್ಕ: ದೊಡ್ಡಪ್ಪ, ಇದು ಅರ್ಧ ಕತೆ. ಅವನು ಕೊಂಬು ಊದುತ್ತಾನೆ.

ದೊಡ್ಡಪ್ಪ: ಊದಲಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆಯಲ್ಲಮ್ಮ.

ಸುಮಕ್ಕ: ಫಾರ್ವರ್ಡ್ ಬರೆದವನಿಗೆ ಅಷ್ಟೇ ಸಾಕಾಗಿತ್ತು, ನಿಲ್ಲಿಸಿಬಿಟ್ಟ. ಮೂಲ ಕತೆ ‘ರೋಲಾಂಡನ ಹಾಡು’ ಅನ್ನೋ ಹಳೆಯ ಫ್ರೆಂಚ್ ವೀರಕಾವ್ಯದ್ದು, ಸುಮಾರು ನಾಲ್ಕು ಸಾವಿರ ಸಾಲು ಇದೆ. ಆ ಗೆಳೆಯ ಒಲಿವರ್ ಗುಡ್ಡ ಹತ್ತಿ ನೋಡುತ್ತಾನೆ, ಕಣ್ಣು ಹಾಯುವಷ್ಟು ದೂರ ಬರೀ ಶಿರಸ್ತ್ರಾಣ, ಈಟಿ. ಇಳಿದು ಬಂದು ಕೊಂಬು ಊದು ಮಾರಾಯ ಅನ್ನುತ್ತಾನೆ. ಇವನು ಒಪ್ಪುವುದಿಲ್ಲ. ನಮ್ಮ ವಂಶಕ್ಕೆ ಅವಮಾನ, ನಾಡಿಗೆ ಕೆಟ್ಟ ಹೆಸರು, ನನ್ನ ಮೇಲೆ ಕೆಟ್ಟ ಹಾಡು ಕಟ್ಟುತ್ತಾರೆ ಅಂತ. ಆಮೇಲೆ 20,000 ಜನರಲ್ಲಿ 60 ಜನ ಉಳಿದಾಗ, ಹೌದು ಬರೀ ಅರವತ್ತು, ಈಗ ಊದಲಾ ಅಂತ ತಾನೇ ಕೇಳುತ್ತಾನೆ.

ಗಿರಿ: ಅಕ್ಕ, ಇತಿಹಾಸದಲ್ಲಿ ಕೊಂಬೂ ಇಲ್ಲ, ನಾಲ್ಕು ಲಕ್ಷವೂ ಇಲ್ಲ. 778ರ ಆಗಸ್ಟ್ 15, ಫ್ರಾನ್ಸ್ ಸ್ಪೇನ್ ನಡುವಿನ ಪಿರೆನೀಸ್ ಬೆಟ್ಟದ ದಾರಿ. ಆ ದೊರೆ, ಶಾರ್ಲಮೇನ್, ಸ್ಪೇನಿನಿಂದ ವಾಪಸ್ ಹೊರಟಿದ್ದ, ಬರುವಾಗ ಪಾಂಪ್ಲೋನಾ ಪಟ್ಟಣದ ಗೋಡೆ ಕೆಡವಿಸಿದ್ದ. ಅಲ್ಲಿನ ಸ್ಥಳೀಯರಾದ ಬಾಸ್ಕ್ ಜನ ಬೆಟ್ಟದಲ್ಲಿ ಹೊಂಚು ಹಾಕಿ ಸೈನ್ಯದ ಬಾಲಕ್ಕೆ ಬಿದ್ದರು, ಕೊಂದರು, ಸಾಮಾನು ದೋಚಿ ಕತ್ತಲಲ್ಲಿ ಚದುರಿಹೋದರು. ದೊರೆಯ ಚರಿತ್ರೆ ಬರೆದ ಐನ್‌ಹಾರ್ಡ್ ಸತ್ತವರ ಹೆಸರು ಹೇಳುವಾಗ ರೋಲಾಂಡನ ಹೆಸರೂ ಬರುತ್ತದೆ, ಮುಗೀತು. ಹಾಡು ಬಂದದ್ದು 1100ರ ಆಸುಪಾಸು. ಮುನ್ನೂರು ವರ್ಷದಲ್ಲಿ ಬಾಸ್ಕರು ಮಾಯ, ಆ ಜಾಗಕ್ಕೆ ಮುಸ್ಲಿಂ ಸೈನ್ಯ ಬಂದಿದೆ. ಅದು ಕ್ರೂಸೇಡಿನ, ಅಂದ್ರೆ ಕ್ರೈಸ್ತರು ಮುಸ್ಲಿಮರ ಮೇಲೆ ಹೂಡಿದ ಧರ್ಮಯುದ್ಧದ ಕಾಲ ಅಲ್ವಾ, ಕೇಳುವವರಿಗೆ ಯಾವ ಶತ್ರು ಬೇಕಿತ್ತೋ ಅವನನ್ನೇ ಕೊಟ್ಟಿದ್ದಾರೆ.

ದೊಡ್ಡಪ್ಪ: ನೀನು ಎಲ್ಲದರಲ್ಲೂ ಹುಳುಕು ಹುಡುಕುತ್ತೀಯ. ಕತೆಯ ಸಾರ ನೋಡು. ಮಾನಕ್ಕೆ ಬೆಲೆ ಕೊಟ್ಟವರು ಅವರು. ರನ್ನನ ದುರ್ಯೋಧನ ಏನು ಮಾಡಿದ? ಅಪ್ಪ ಅಮ್ಮ ಇಬ್ಬರೂ ಸಂಧಿ ಮಾಡಿಕೋ ಅಂದರು, ಭೀಷ್ಮ ಹೇಳಿದ. ಒಪ್ಪಿದನಾ? ಅದಕ್ಕೇ ಅವನನ್ನ ಛಲದಂಕಮಲ್ಲ ಅನ್ನೋದು.

ಸುಮಕ್ಕ: ದೊಡ್ಡಪ್ಪ, ಒಳ್ಳೆಯ ಉದಾಹರಣೆಯನ್ನೇ ಕೊಟ್ಟಿರಿ, ಆದರೆ ಅದು ನಿಮ್ಮ ಫಾರ್ವರ್ಡಿಗೇ ತಿರುಗಿ ಹೊಡೆಯುತ್ತದೆ. ರನ್ನ ಅವನನ್ನ ಸುಮ್ನೆ ಹೊಗಳಿ ಬಿಡಲಿಲ್ಲ. ಮೊದಲು ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲಿಸುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು, ನಿನ್ನ ಸಾಹಸದ ಒಂದು ಚೂರು ಇರುವ ಸಾವಾದರೂ ನನಗೆ ಸಿಗಲಿ ಅಂತ ಕೈಮುಗಿದು ಕೇಳುತ್ತಾನೆ ನೋಡಿ, ನನಗೆ ಇಡೀ ಗದಾಯುದ್ಧದಲ್ಲಿ ಅದಕ್ಕಿಂತ ದೊಡ್ಡ ಜಾಗ ಇಲ್ಲ. ಮೇಲಾಗಿ ಅವನು ಕೊಳದಲ್ಲಿ ಅಡಗಿದ್ದೂ ನಿಜ ತಾನೇ, ಭೀಷ್ಮ ಹೇಳಿದ ಅಂತ. ಭೀಮನ ಕೂಗು ಕೇಳಿ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ನೀರಿನೊಳಗೂ ಬೆವರಿದವನನ್ನೇ ವೀರ ಅಂತ ತೋರಿಸಿದ ಕವಿ ಅವನು.

ಗಿರಿ: ಆದರೆ ಆ ಹೆಣಗಳು ಬಿದ್ದದ್ದು ಯಾರ ಛಲಕ್ಕೆ? ಅವನದ್ದಕ್ಕೇ. ಊರೆಲ್ಲ ಸುಟ್ಟ ಮೇಲೆ ಬೂದಿ ಮುಂದೆ ಕೂತು ಅತ್ತರೆ ವೀರನಾ?

ಸುಮಕ್ಕ: ಅದನ್ನ ರನ್ನ ಮುಚ್ಚಿಡಲಿಲ್ವಲ್ಲೋ. ಫಾರ್ವರ್ಡ್ ಮುಚ್ಚಿಟ್ಟಿದೆ, ನನ್ನ ತಕರಾರು ಅಷ್ಟೇ.

ನಾನು: ಪಂಪಭಾರತದ ಕೊನೆಯ ಭಾಗದಲ್ಲಿ ಬರುವ ಪದ್ಯ ನೆನಪಿದೆಯಾ ಯಾರಿಗಾದರೂ? ‘ಚಲದೊಳ್ ದುರ್ಯೋಧನಂ ನನ್ನಿಯೊಳಿನತನಯಂ ಗಂಡಿನೊಳ್ ಭೀಮಸೇನಂ’ ಅಂತ ಶುರುವಾಗುತ್ತದೆ. ಛಲ ದುರ್ಯೋಧನನಿಗೆ, ಸತ್ಯ ಕರ್ಣನಿಗೆ, ಪೌರುಷ ಭೀಮನಿಗೆ, ಧರ್ಮ ಧರ್ಮರಾಯನಿಗೆ. ಎರಡೂ ಕಡೆಯವರಿಗೆ ಹಂಚಿದ್ದಾನೆ, ಒಬ್ಬನಿಗೇ ಎಲ್ಲ ಕೊಡಲಿಲ್ಲ. 941ರ ಹೊತ್ತಿಗೆ ಬರೆದದ್ದು. ರೋಲಾಂಡನ ಹಾಡಿನಲ್ಲೂ ಇಂಥದ್ದೇ ಒಂದು ಸಾಲಿದೆ, ರೋಲಾಂಡ್ ಶೂರ, ಒಲಿವರ್ ವಿವೇಕಿ ಅಂತ. ಇವನ ಹತ್ತಿರ ಇದ್ದದ್ದು ಅವನ ಹತ್ತಿರ ಇಲ್ಲ. ನಾವು ಓದುವಾಗ ಒಬ್ಬನನ್ನ ಎತ್ತಿಕೊಂಡು ಮಿಕ್ಕವರನ್ನ ಬಿಟ್ಟುಬಿಡುತ್ತೇವೆ.

ದೊಡ್ಡಪ್ಪ: ಹಾಗಾದರೆ ಒಲಿವರ್ ಹೇಳಿದ್ದೇ ಸರಿ ಅನ್ನು.

ಸುಮಕ್ಕ: ಅಲ್ಲೇ ಇರೋದು ಮಜಾ. ರೋಲಾಂಡ್ ಊದುತ್ತೇನೆ ಅಂದಾಗ ಒಲಿವರ್ ಬೇಡ ಅನ್ನುತ್ತಾನೆ! ನಾನು ಹೇಳಿದಾಗ ಕೇಳಲಿಲ್ಲ, ಈಗ ಊದಿದರೆ ನಾಚಿಕೆಗೇಡು, ನಿನ್ನ ಹುಚ್ಚುತನಕ್ಕೆ ಇಷ್ಟು ಜನ ಸತ್ತರು ಅಂತ. ಇನ್ನು ನನ್ನ ತಂಗಿ ಆಡ್ ನಿನ್ನ ಕೈಹಿಡಿಯುವುದಿಲ್ಲ ಅಂತಲೂ ಸೇರಿಸುತ್ತಾನೆ. ವಿವೇಕಿಗೂ ಮಾನ ಅಡ್ಡ ಬಂತು. ಆಗ ಸೈನ್ಯದ ಜೊತೆಗಿದ್ದ ಹಿರಿಯ ಪಾದ್ರಿ, ಆರ್ಚ್‌ಬಿಷಪ್ ತುರ್ಪಿನ್, ಕುದುರೆ ಓಡಿಸಿಕೊಂಡು ಬಂದು ಇಬ್ಬರ ಜಗಳ ಬಿಡಿಸುತ್ತಾನೆ. ಊದಿದರೆ ನಾವು ಬದುಕುವುದಿಲ್ಲ, ಆದರೆ ದೊರೆ ಬಂದು ಸೇಡು ತೀರಿಸುತ್ತಾನೆ, ನಮ್ಮ ಹೆಣ ನಾಯಿ ತೋಳಗಳ ಪಾಲಾಗುವುದಿಲ್ಲ, ಊದು.

ಚಿಕ್ಕಮ್ಮ: ಎಷ್ಟು ದೂರ ಕೇಳಿಸಿತಂತೆ?

ಸುಮಕ್ಕ: ಮೂವತ್ತು ಹರದಾರಿ ಅಂತ ಇಟ್ಟುಕೊಳ್ಳಿ. ಎಷ್ಟು ಜೋರಾಗಿ ಊದಿದ ಅಂದರೆ ಹಣೆಯ ನರ ಒಡೆದು ಬಾಯಲ್ಲಿ ರಕ್ತ ಬಂತು. ದೊರೆಯ ಪಕ್ಕದಲ್ಲೇ ಇದ್ದ ಗನೆಲಾನ್, ಇವರನ್ನ ಹಿಡಿದುಕೊಟ್ಟವನೇ ಅವನು, ರೋಲಾಂಡನ ಮಲತಂದೆ ಬೇರೆ, ಏನನ್ನುತ್ತಾನೆ ಗೊತ್ತಾ? ಅಯ್ಯೋ ಅವನು ಒಂದು ಮೊಲ ಕಂಡರೂ ದಿನವಿಡೀ ಕೊಂಬು ಊದುವವನು, ನಡೀರಿ ಮುಂದೆ, ಅಂತ.

ಗಿರಿ: 😂 ಇದನ್ನ ಫಾರ್ವರ್ಡ್ ಮಾಡಬೇಕಿತ್ತು

ನಾನು: ನಗಬೇಡ, ಆ ಗನೆಲಾನೂ ಮಾನದ ಮಾತನ್ನೇ ಆಡುತ್ತಾನೆ. ವಿಚಾರಣೆಯಲ್ಲಿ ಅವನ ವಾದ ಏನು? ರೋಲಾಂಡ್ ನನ್ನನ್ನ ಸಾಯಲಿ ಅಂತ ಶತ್ರುವಿನ ಹತ್ತಿರ ರಾಯಭಾರಕ್ಕೆ ಕಳಿಸಿಕೊಟ್ಟ, ನಾನು ಎಲ್ಲರೆದುರೇ ಸವಾಲು ಹಾಕಿದ್ದೆ, ಆಮೇಲೆ ಸೇಡು ತೀರಿಸಿಕೊಂಡೆ, ಇದರಲ್ಲಿ ದ್ರೋಹ ಎಲ್ಲಿ ಬಂತು? ಅಲ್ಲಿದ್ದ ಸರದಾರರು ಬಿಟ್ಟುಬಿಡಿ ದೊರೆ ಅಂತ ಹೆಚ್ಚುಕಡಿಮೆ ಒಪ್ಪಿಬಿಟ್ಟಿದ್ದರು. ತಿಯೆರಿ ಅಂತ ಒಬ್ಬ ಸಣಕಲು ಮನುಷ್ಯ ಇಲ್ಲ ಅಂತ ಎದ್ದು ನಿಂತ, ದ್ವಂದ್ವಯುದ್ಧದಲ್ಲಿ ಗೆದ್ದ, ಆಮೇಲೆ ಗನೆಲಾನನನ್ನ ನಾಲ್ಕು ಕುದುರೆಗೆ ಕಟ್ಟಿ ಎಳೆಸಿದರು, ಅವನಿಗೆ ಹೊಣೆ ನಿಂತಿದ್ದ 30 ನೆಂಟರನ್ನ ನೇಣಿಗೆ ಹಾಕಿದರು. ತಿಯೆರಿ ಸುಮ್ಮನೆ ಕೂತಿದ್ದರೆ ಗನೆಲಾನ್ ಮನೆಗೆ ಹೋಗುತ್ತಿದ್ದ.

ದೊಡ್ಡಪ್ಪ: ದ್ರೋಹಿಯನ್ನೂ ವೀರನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ. ಅವನು ಅಡಗಿ ಮಾಡಿದ, ಇವನು ಎದುರಿಗೆ ನಿಂತ. ನಮ್ಮ ಕರ್ಣನೂ ಹಾಗೇ, ಪಾಂಡವರು ತಮ್ಮಂದಿರು ಅಂತ ಗೊತ್ತಾದ ಮೇಲೂ ಅನ್ನದ ಋಣ ಬಿಡಲಿಲ್ಲ. ಜೋಳದ ಪಾಳಿ ಅಂತ ಹಳೆಯವರು ಅನ್ನುತ್ತಿದ್ದದ್ದು ಇದನ್ನೇ.

ಸುಮಕ್ಕ: ಒಪ್ಪಿದೆ ದೊಡ್ಡಪ್ಪ. ಆದರೆ ಕರ್ಣ ಒತ್ತೆ ಇಟ್ಟದ್ದು ತನ್ನ ತಲೆ. ರೋಲಾಂಡ್ ಮಾನ ತನ್ನದು ಅಂತ ಹಿಡಿದ, ಲೆಕ್ಕ ಕಟ್ಟಿದ್ದು ಹಿಂದೆ ನಿಂತಿದ್ದ ಇಪ್ಪತ್ತು ಸಾವಿರ ಜನ. ಅವರನ್ನ ಯಾರೂ ಕೇಳಲಿಲ್ಲ, ಊದಬೇಕಾ ಬೇಡವಾ ಅಂತ.

ದೊಡ್ಡಪ್ಪ: ಸೈನಿಕರನ್ನ ಯಾರು ಕೇಳುತ್ತಾರಮ್ಮ.

ಚಿಕ್ಕಮ್ಮ: ಆ ಹುಡುಗಿ ಏನಾದಳು? ಆಡ್.

ಸುಮಕ್ಕ: ದೊರೆ ವಾಪಸ್ ಬಂದಾಗ ನನ್ನ ರೋಲಾಂಡ್ ಎಲ್ಲಿ ಅಂತ ಕೇಳುತ್ತಾಳೆ. ಸತ್ತ, ಬದಲಿಗೆ ನನ್ನ ಮಗನನ್ನೇ ಕೊಡುತ್ತೇನೆ, ಮುಂದೆ ರಾಜ್ಯ ಅವನದ್ದೇ ಅನ್ನುತ್ತಾನೆ. ಅವಳು ಇದೆಂಥ ಮಾತು ಅಂದು ಅಲ್ಲೇ ಬಿದ್ದು ಸಾಯುತ್ತಾಳೆ. ಕೆಲವೇ ಸಾಲು.

ಚಿಕ್ಕಮ್ಮ: ಅಣ್ಣ ಯುದ್ಧದ ಮಧ್ಯೆ ಅವಳ ಹೆಸರು ತೆಗೆದು ಬೈದ, ದೊರೆ ಬದಲಿ ಗಂಡು ತೋರಿಸಿದ. ಭಾವ, ಹತ್ತು ಜನಕ್ಕೆ ಕಳಿಸುವಾಗ ಇದನ್ನೂ ಸೇರಿಸಿ.

(ಈ ಸಂದೇಶವನ್ನು ಅಳಿಸಲಾಗಿದೆ)

ಗಿರಿ: ದೊಡ್ಡಪ್ಪ ಏನು ಅಳಿಸಿದಿರಿ? 😀

ದೊಡ್ಡಪ್ಪ: ಏನೂ ಇಲ್ಲ, ಅಕ್ಷರ ತಪ್ಪಾಗಿತ್ತು. ಸುಮಾ, ಆ ಕೊಂಬು ಆಮೇಲೆ ಏನಾಯಿತು?

ಸುಮಕ್ಕ: ಒಡೆಯಿತು. ರೋಲಾಂಡ್ ಬಿದ್ದಿರುತ್ತಾನೆ, ಸತ್ತ ಅಂದುಕೊಂಡು ಒಬ್ಬ ಬಂದು ಕತ್ತಿ ಎಳೆಯುತ್ತಾನೆ. ಇವನು ಕಣ್ಣು ಬಿಟ್ಟು, ಕೈಯಲ್ಲಿದ್ದ ಕೊಂಬಿನಿಂದಲೇ ಅವನ ತಲೆಗೆ ಬಾರಿಸುತ್ತಾನೆ. ಅವನು ಸತ್ತ, ಕೊಂಬಿನ ಬಾಯಿ ಸೀಳಿ ಚಿನ್ನ, ಸ್ಫಟಿಕ ಎಲ್ಲ ಉದುರಿತು.

ದೊಡ್ಡಪ್ಪ: ಆನೆದಂತದ್ದಲ್ವಾ ಅದು?

ಸುಮಕ್ಕ: ಹೂಂ, ದಂತದ್ದೇ.

ದೊಡ್ಡಪ್ಪ: ಛೆ. ಕತ್ತಿ?

ಸುಮಕ್ಕ: ಶತ್ರು ಕೈಗೆ ಸಿಗಬಾರದು ಅಂತ ಬಂಡೆಗೆ ಹೊಡೆದು ಮುರಿಯೋಕೆ ನೋಡುತ್ತಾನೆ, ಮುರಿಯುವುದಿಲ್ಲ. ಅದನ್ನೂ ಕೊಂಬನ್ನೂ ಮೈಕೆಳಗೆ ಇಟ್ಟುಕೊಂಡು, ಸ್ಪೇನಿನ ಕಡೆ ಮುಖ ಮಾಡಿ ಮಲಗುತ್ತಾನೆ.

ಚಿಕ್ಕಮ್ಮ: ದೊರೆ ಬಂದು ನೋಡಿದಾಗ ಬೆನ್ನು ಕಾಣಬಾರದು ಅಂತ.