ಸಹಾಯ ಬೇಕು: ಕಣ್ಣು ಮುಚ್ಚಿದರೆ ಏನೂ ಕಾಣಲ್ಲ, ಆದರೆ ದಾರಿ ಮಾತ್ರ ನೆನಪಿದೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಂ.ಎ. ಸೈಕಾಲಜಿ ಓದುತ್ತಿದ್ದೇನೆ. ಮುಂದಿನ ವಾರ ಪರೀಕ್ಷೆ, ಮೆಂಟಲ್ ಇಮೇಜರಿ (ಮನಸ್ಸಿನಲ್ಲೇ ಚಿತ್ರ ಕಾಣುವುದು) ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

1978ರಲ್ಲಿ ಕಾಸ್ಲಿನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಒಂದು ಕಾಲ್ಪನಿಕ ದ್ವೀಪದ ನಕ್ಷೆಯನ್ನು ಜನರಿಗೆ ಬಾಯಿಪಾಠ ಮಾಡಿಸಿ, ಈಗ ಮನಸ್ಸಿನಲ್ಲೇ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಅಂದರಂತೆ. ದೂರ ಜಾಸ್ತಿ ಇದ್ದಷ್ಟೂ ಸಮಯ ಜಾಸ್ತಿ ಹಿಡಿಯಿತು. ಹಾಗಾಗಿ ಮನಸ್ಸಿನ ಚಿತ್ರವೂ ನಿಜವಾದ ಚಿತ್ರದ ಥರ ಅಂತ ಅವರ ವಾದ. ಪಿಲಿಶಿನ್ ಎಂಬ ಇನ್ನೊಬ್ಬ ಸಂಶೋಧಕರು ಒಪ್ಪಲಿಲ್ಲ, ಮನಸ್ಸಿನ ಒಳಗಿರುವುದು ಚಿತ್ರವಲ್ಲ, ವಾಕ್ಯದಂಥ ಮಾಹಿತಿ ಅಂದರು. ಇಲ್ಲಿವರೆಗೆ ಸರಿ.

ನನ್ನ ತಲೆನೋವು ಬೇರೆ. ನಾನು ಕಣ್ಣು ಮುಚ್ಚಿದರೆ ಬರೀ ಕತ್ತಲು, ಅಮ್ಮನ ಮುಖವೂ ಬರಲ್ಲ. (ಇದಕ್ಕೆ 2015ರಲ್ಲಿ ಅಫ್ಯಾಂಟೇಸಿಯಾ ಅಂತ ಹೆಸರಿಟ್ಟಿದ್ದಾರೆ, ನಾನು ಸುಮ್ನೆ ಎಲ್ಲರಿಗೂ ಹೀಗೇ ಅಂದುಕೊಂಡಿದ್ದೆ!) ಆದರೂ ಸೂಪರ್ ಮಾರ್ಕೆಟ್‌ನಿಂದ ಶರಣಬಸವೇಶ್ವರ ಗುಡಿಗೆ ಹೋಗುವ ಒಂದೊಂದು ತಿರುವೂ ತಪ್ಪದೆ ಹೇಳುತ್ತೇನೆ. ನೋಟ್ಸ್ ಮೂರು ಸಲ ಓದಿದೆ, ಯೂಟ್ಯೂಬ್ ನೋಡಿದೆ, ಸೀನಿಯರ್ ಅಕ್ಕನನ್ನೂ ಕೇಳಿದೆ. ಉತ್ತರ ಸಿಗಲಿಲ್ಲ.

ಚಿತ್ರವೇ ಕಾಣದವರಿಗೆ ದಾರಿ ನೆನಪಿರುವುದು ಪಿಲಿಶಿನ್ ವಾದಕ್ಕೆ ಸಾಕ್ಷಿಯಾ? ಅಥವಾ ಜಾಗದ ನೆನಪೇ ಬೇರೆ, ಬಣ್ಣ-ರೂಪದ ನೆನಪೇ ಬೇರೆ ಅಂತ ಬರೆಯಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.