ಎರಿಥ್ರಿಟಾಲ್ ಹಾಕಿದ ಶೇಂಗಾ ಚಿಕ್ಕಿ ಯಾಕ ಉದುರತೈತಿ?

ಪಾಕಶಾಲಿ, ಗಂಗಾವತಿ:
ಶುಗರ್ ಇದ್ದೋರಿಗೆ ಚಿಕ್ಕಿ ಮಾಡೋದೈತಿ. ಅರ್ಧ ಕೆಜಿ ಹುರಿದ ಶೇಂಗಾ, 350 ಗ್ರಾಂ ಎರಿಥ್ರಿಟಾಲ್ (ಸಕ್ಕರಿ ಬದಲಿ ಹಾಕೋ ಸಿಹಿ ಪುಡಿ), ಸ್ವಲ್ಪ ನೀರು, ಹರಳುಗಟ್ಟಬಾರದಂತ ನಾಕು ಹನಿ ಲಿಂಬಿ ರಸ. ಒಲಿ ಮ್ಯಾಲೆ ಪಾಕ ತಿಳಿ ಇರತೈತಿ. ತಟ್ಟಿಗೆ ಸುರಿದ ಕೂಡಲೇ ಬೆಳ್ಳಗಾಗಿ ಉದುರತೈತಿ, ಬಾಯಾಗ ಪೆಪ್ಪರ್‌ಮೆಂಟ್ ಹಂಗ ತಣ್ಣಗ. ಪಾಕ ಕಡಿಮಿ ಆತೇನು? ಇಲ್ಲಾ ಬೆಲ್ಲಾನೇ ಹಾಕಿದ್ರ ನಡಿತೈತೇನು?

ಹರಳು, ರಾಯಚೂರು:
ಪಾಕದ ತಪ್ಪಲ್ರಿ, ಅದರ ಗುಣಾನೇ ಅಷ್ಟು. ಚಿಕ್ಕಿ ಪಾಕ ಅಂದ್ರ ಗಾಜಿದ್ದಂಗ, ಹರಳಿಲ್ಲದ ಗಟ್ಟಿ. ಸಕ್ಕರಿ ಪಾಕ 150 ಡಿಗ್ರಿ ಹತ್ತಿರ ಬಂದಾಗ ನೀರು ಬಹುತೇಕ ಹೋಗಿರ್ತದ. ಆರುವಾಗ ಅಣುಗಳಿಗೆ ಸಾಲುಗಟ್ಟಲಿಕ್ಕೆ ಪುರುಸೊತ್ತು ಸಿಗೂದಿಲ್ಲ. ಎರಿಥ್ರಿಟಾಲ್ ಅಣು ಸಣ್ಣದು, ನಾಲ್ಕೇ ಇಂಗಾಲ, ತಟ್ಟನೆ ಹರಳಾಗ್ತದ. ಆ ಹರಳು ಬಾಯಾಗ ಕರಗುವಾಗ ಶಾಖ ಹೀರ್ತದ, ತಂಪು ಅನಿಸೂದು ಅದಕ್ಕ. ಲಿಂಬಿ ರಸ ಸಕ್ಕರಿಯನ್ನ ಗ್ಲೂಕೋಸ್, ಫ್ರಕ್ಟೋಸ್ ಅಂತ ಒಡೀತದ, ಆ ಬೆರಕಿ ಹರಳಿಗೆ ಅಡ್ಡ ಬರ್ತದ. ಇಲ್ಲಿ ಒಡೀಲಿಕ್ಕೆ ಏನೂ ಇಲ್ಲ.

ಐಸೋಮಾಲ್ಟ್ ತರಿಸ್ರಿ, ಅದೂ ಸಕ್ಕರಿ ಬದಲಿನೇ, ಆದ್ರ ಗಾಜಿನಂಗ ಗಟ್ಟಿಯಾಗ್ತದ. ಕೇಕ್ ಸಾಮಾನು ಮಾರೋರ ಹತ್ರ ಸಿಗ್ತದ. 350 ಗ್ರಾಂಗೆ 100 ಮಿಲಿ ನೀರು, 160 ಡಿಗ್ರಿ ದಾಟೋತನಕ ಕಾಯಿಸ್ರಿ. ಥರ್ಮಾಮೀಟರ್ ಬೇಕೇ ಬೇಕು. ಸಕ್ಕರಿ ಹಂಗ ಕೆಂಪಾಗೂದಿಲ್ಲ, ಬಣ್ಣ ನೋಡಿ ಇಳಿಸಿದ್ರ ಕೆಟ್ಟಿರಿ. ಬೇಗ ಇಳಿಸಿದ್ರ ನೀರು ಉಳಿದು ಹಲ್ಲಿಗೆ ಅಂಟ್ತದ. ಶೇಂಗಾನೂ ಬಿಸಿ ಇರಲಿ, ಇಲ್ಲಂದ್ರ ಕಲಸೂದ್ರಾಗೇ ಬಿಗಿತದ.

ಸಿಹಿ ಮಾತ್ರ ಸಕ್ಕರಿಯ ಅರ್ಧದಷ್ಟೇ. ಉಳಿದ ಅರ್ಧಕ್ಕ ಸ್ಟೀವಿಯಾ (ಒಂದು ಸಿಹಿ ಎಲಿಯ ಸಾರ): ಸಕ್ಕರಿಗಿಂತ 250 ಪಟ್ಟು ಸಿಹಿ ಅಂತ ಹಿಡಿದ್ರ 0.7 ಗ್ರಾಂ. ಅಡಗಿಮನಿ ತಕ್ಕಡಿಯಾಗ ಅದು ತೂಗೂದಿಲ್ಲ. 10 ಗ್ರಾಂ ಪುಡಿಯನ್ನ ಒಂದು ಲೀಟರ್ ನೀರಾಗ ಕರಗಿಸಿ, ಅದರಾಗ 70 ಮಿಲಿ ಪಾಕದ ನೀರಿನ ಲೆಕ್ಕಕ್ಕೇ ಹಾಕ್ರಿ. ಶಾಖಕ್ಕ ಕೆಡೂದಿಲ್ಲ. ಹೆಚ್ಚಾದ್ರ ಕಹಿ.

ತುಂಗಭದ್ರಾ ದಂಡೆ, ಹೊಸಪೇಟೆ ರಸ್ತೆ:
ಒಂದು ತಿದ್ದುಪಡಿ. 0.7 ಗ್ರಾಂ ಅನ್ನೋದು ಶುದ್ಧ ಸ್ಟೀವಿಯಾ ಸಾರಕ್ಕಷ್ಟೇ. ಅಂಗಡಿ ಡಬ್ಬಿಯಲ್ಲಿ ಬಹಳಷ್ಟು ಸಲ ತುಂಬುಪುಡಿ ಇರುತ್ತೆ, ಹಿಂಬದಿ ಓದಿ. ಮಾಲ್ಟೋಡೆಕ್ಸ್‌ಟ್ರಿನ್ ಅಂತ ಇದ್ದರೆ ವಾಪಸ್ ಇಡಿ. ಅದು ಒಡೆದ ಪಿಷ್ಟ, ರಕ್ತದಲ್ಲಿ ಗ್ಲೂಕೋಸ್ ಏರಿಸುತ್ತೆ.

ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯೇ. ಬಣ್ಣ ಬೇರೆ, ಕತೆ ಅದೇ.

ಐಸೋಮಾಲ್ಟ್ ಸಣ್ಣ ಕರುಳಲ್ಲಿ ಪೂರ್ತಿ ಜೀರ್ಣವಾಗಲ್ಲ. ದೊಡ್ಡ ಕರುಳಿಗೆ ನೀರೆಳೆದು, ಅಲ್ಲಿ ಹುದುಗಿ ಹೊಟ್ಟೆ ಉಬ್ಬರ, ಭೇದಿ. ಈ ಅಳತೆಯನ್ನ 50 ತುಂಡು ಮಾಡಿದರೆ ಒಂದರಲ್ಲಿ 7 ಗ್ರಾಂ. ಮೊದಲ ದಿನ ಎರಡೇ ಸಾಕು. ಮಕ್ಕಳ ಕೈಗೆ ಡಬ್ಬಿ ಕೊಡಬೇಡಿ. ಸಕ್ಕರೆ ಏರೋದೇ ಇಲ್ಲ ಅಂತಲೂ ಅಲ್ಲ, ಕಡಿಮೆ ಏರುತ್ತೆ.

ಪಾಕಶಾಲಿ, ಗಂಗಾವತಿ:
ಉದುರಿದ್ದನ್ನ ಏನು ಮಾಡೋದ್ರಿ?

ಹರಳು, ರಾಯಚೂರು:
ಮಿಕ್ಸಿಗೆ ಹಾಕ್ರಿ. ಶೇಂಗಾ ಎಣ್ಣಿ ಬಿಡೋತನಕ ತಿರುವಿ ಉಂಡಿ ಕಟ್ರಿ. ಎಣ್ಣಿಯೇ ಹಿಡಿದುಕೊಳ್ತದ, ಪಾಕದ ಗೊಡವಿ ಇಲ್ಲ.